ಹೋಮರನ ಪಾಠ ಯಾರ ಸೊತ್ತು?

ತಾನು ನಂಬದ ದೇವರುಗಳ ಕಾವ್ಯವನ್ನು ಗುರುವೊಬ್ಬ ಮಕ್ಕಳಿಗೆ ಕಲಿಸಬಹುದೇ? ಕ್ರಿ.ಶ. 362ರಲ್ಲಿ ಈ ಪ್ರಶ್ನೆ ಎತ್ತಿದವನು ರೋಮನ್ ಸಾಮ್ರಾಟ ಜೂಲಿಯನ್. ಕ್ರೈಸ್ತನಾಗಿ ಬೆಳೆದು ಪ್ರಾಚೀನ ಗ್ರೀಕ್ ದೇವತೆಗಳ ಆರಾಧನೆಗೆ ಮರಳಿದ್ದವನು ಆತ. ಹೋಮರ್, ಹೆಸಿಯಡ್‌ರ ದೇವತೆಗಳನ್ನು ಅಲ್ಲಗಳೆಯುತ್ತಲೇ ಅವರ ಕಾವ್ಯವನ್ನು ಬೋಧಿಸುವುದು ಅಪ್ರಾಮಾಣಿಕತೆ. ಅಂಥ ಗುರುಗಳು ಚರ್ಚಿಗೆ ಹೋಗಿ ಮತ್ತಾಯ, ಲೂಕರ ಸುವಾರ್ತೆಗಳನ್ನು ವಿವರಿಸಲಿ ಎಂಬುದು ಅವನ ವಾದ. ಕ್ರೈಸ್ತ ಮಕ್ಕಳು ಕಲಿಯಲು ಅಡ್ಡಿಯಿರಲಿಲ್ಲ, ಕ್ರೈಸ್ತರು ಕಲಿಸುವಂತಿರಲಿಲ್ಲ. ರೋಮಿನ ಹೆಸರಾಂತ ಅಧ್ಯಾಪಕ ಮಾರಿಯಸ್ ವಿಕ್ಟೋರಿನಸ್ ತನ್ನ ಶಾಲೆಯನ್ನೇ ಬಿಟ್ಟ.

ಈ ಶಿಕ್ಷಣಕ್ಕೆ ಗ್ರೀಕರು 'ಪೈದೇಯಾ' ಎನ್ನುತ್ತಿದ್ದರು. ಅದು ಬರಿಯ ಓದು ಬರಹವಲ್ಲ. ಕಾವ್ಯ, ವಾಕ್ಚಾತುರ್ಯ, ತತ್ತ್ವಶಾಸ್ತ್ರಗಳ ಮೂಲಕ ಮನುಷ್ಯನನ್ನು ತಿದ್ದಿ ರೂಪಿಸುವ ಕ್ರಮ. ನಮ್ಮ 'ಸಂಸ್ಕಾರ' ಎಂಬ ಮಾತು ಅದಕ್ಕೆ ಹತ್ತಿರ. ಗ್ರೀಕನೆನಿಸುವುದು ಹುಟ್ಟಿನಿಂದಲ್ಲ, ಈ ಶಿಕ್ಷಣದಿಂದ ಎಂದು ಅಥೆನ್ಸಿನ ಇಸಾಕ್ರಟೀಸ್ ಕ್ರಿ.ಪೂ. 4ನೆಯ ಶತಮಾನದಲ್ಲಿಯೇ ಹೇಳಿದ್ದ. ಹೀಗೆ ತೆರೆದಿದ್ದ ಬಾಗಿಲಿಗೆ ಜೂಲಿಯನ್ ಮತದ ಚಿಲಕ ಹಾಕಿದ.

ಕ್ರೈಸ್ತರಲ್ಲೂ ಒಮ್ಮತವಿರಲಿಲ್ಲ. ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನ ಟೆರ್ಟುಲಿಯನ್, ಅಥೆನ್ಸಿಗೂ ಜೆರೂಸಲೇಮಿಗೂ ಏನು ಸಂಬಂಧವೆಂದು ಕೇಳಿದ್ದ. ಅದೇ ಕಾಲದ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್‌ಗೆ ಗ್ರೀಕ್ ತತ್ತ್ವಶಾಸ್ತ್ರವು ಕ್ರಿಸ್ತನೆಡೆಗೆ ಸಾಗುವ ಸಿದ್ಧತೆಯಾಗಿ ಕಂಡಿತ್ತು. ಜೂಲಿಯನ್ನನ ನಿಷೇಧ ಈ ಹಳೆಯ ಚರ್ಚೆಯನ್ನು ತುರ್ತಾಗಿಸಿತು. ಹಿಂದೆ ಅವನಂತೆಯೇ ಅಥೆನ್ಸಿನಲ್ಲಿ ಓದಿದ್ದ ನಾಜಿಯಾಂಜಸ್ಸಿನ ಗ್ರೆಗರಿ ಕೆರಳಿ ಬರೆದ: ಭಾಷೆ ಅದನ್ನಾಡುವವರೆಲ್ಲರದು, ಒಂದು ಮತದವರ ಆಸ್ತಿಯಲ್ಲ.

ಜೂಲಿಯನ್ 363ರಲ್ಲಿ ಪರ್ಷಿಯನ್ನರ ವಿರುದ್ಧದ ದಂಡಯಾತ್ರೆಯಲ್ಲಿ ಮಡಿದ. ನಿಷೇಧ ಬಹುಕಾಲ ಉಳಿಯಲಿಲ್ಲ, ಪ್ರಶ್ನೆ ಉಳಿಯಿತು. ಅದಕ್ಕೆ ಹದವಾದ ಉತ್ತರ ಕೊಟ್ಟವನು ಅಥೆನ್ಸಿನಲ್ಲಿ ಗ್ರೆಗರಿಯ ಸಹಪಾಠಿಯಾಗಿದ್ದ, ಸಿಸೇರಿಯಾದ ಬಿಷಪ್ ಬೆಸಿಲ್. ಜೇನುನೊಣ ಎಲ್ಲ ಹೂವಿನ ಮೇಲೂ ಕೂರುವುದಿಲ್ಲ, ಕೂತ ಹೂವನ್ನೆಲ್ಲ ಹೊತ್ತು ತರುವುದೂ ಇಲ್ಲ. ಗ್ರೀಕ್ ಗ್ರಂಥಗಳನ್ನೂ ಹಾಗೆಯೇ ಓದಿರೆಂದು ಅವನು ತರುಣರಿಗೆ ಬೋಧಿಸಿದ. ಸದ್ಗುಣ ಕಲಿಸುವುದನ್ನು ಕೊಳ್ಳಿ, ಉಳಿದದ್ದನ್ನು ಬಿಡಿ ಎಂಬುದು ಇದರ ಸಾರ. ಸಾವಿರ ವರ್ಷಗಳ ತರುವಾಯ, 1400ರ ಸುಮಾರಿಗೆ, ಇಟಲಿಯ ಲಿಯೊನಾರ್ಡೊ ಬ್ರೂನಿ ಈ ಕೃತಿಯನ್ನು ಲ್ಯಾಟಿನ್‌ಗೆ ತಂದ. ಹಳೆಯ ಕಾವ್ಯಗಳನ್ನು ಓದುವುದೇ ಪಾಪವೆಂದವರಿಗೆ ಆಗಿನ ವಿದ್ವಾಂಸರು ಇದನ್ನೇ ಮುಂದೊಡ್ಡಿದರು.

ಜೂಲಿಯನ್ನನ ಪ್ರಶ್ನೆ ಪೊಳ್ಳಲ್ಲ. ಗುರುವಿನ ನಡೆ ನುಡಿ ಒಂದಾಗಿರಬೇಕೆಂಬುದು ಸರಿಯೇ. ಆದರೆ ನಂಬಿದವರು ಮಾತ್ರ ಓದಿಸಬೇಕೆಂಬ ಆತನ ಮಾತೇ ಗೆದ್ದಿದ್ದರೆ, ಆ ದೇವತೆಗಳ ಆರಾಧಕರೊಂದಿಗೆ ಹೋಮರನೂ ಮರೆಯಾಗುತ್ತಿದ್ದನೋ ಏನೋ. ಮುಂದೆ ಹೋಮರನನ್ನು ಶತಮಾನಗಳ ಕಾಲ ನಕಲು ಮಾಡಿ ನಮಗೆ ಉಳಿಸಿಕೊಟ್ಟವರು ಬೈಜಾಂಟಿಯಮ್ಮಿನ ಕ್ರೈಸ್ತರೇ.