ಓಡಲೇಬೇಕೇ, ನಿಲ್ಲಬಹುದೇ? ಮಕ್ಕಳ ಬೇಸ್‌ಬಾಲಿನ ಓಟದ ನಿಯಮಗಳು

ಅಮೆರಿಕದ ವಿಲಿಯಮ್ಸ್‌ಪೋರ್ಟ್‌ನಲ್ಲಿ 1939ರಲ್ಲಿ ಕಾರ್ಲ್ ಸ್ಟಾಟ್ಜ್ ಆರಂಭಿಸಿದ ಲಿಟಲ್ ಲೀಗ್, ಎಳೆಯ ಆಟಗಾರರಿಗಾಗಿ ಬೇಸ್‌ಗಳ, ಅಂದರೆ ಓಟಗಾರರು ಸರದಿಯಂತೆ ಮುಟ್ಟಬೇಕಾದ ನಾಲ್ಕು ನೆಲೆಗಳ, ನಡುವಣ ಅಂತರವನ್ನು ವಯಸ್ಕರ 90 ಅಡಿಗಳಿಂದ 60 ಅಡಿಗಳಿಗೆ ಇಳಿಸಿತಾದರೂ ಓಟದ ನಿಯಮಗಳ ತೊಡಕು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಓಟಗಾರ ಓಡಲೇಬೇಕಾದ ಸಂದರ್ಭ ಯಾವುದು, ತನ್ನಿಚ್ಛೆಯಿಂದ ಓಡುವ ಸಂದರ್ಭ ಯಾವುದು ಎಂಬುದು ಸ್ಪಷ್ಟವಾದರೆ ಆ ತೊಡಕಿನ ಹೆಚ್ಚಿನ ಭಾಗ ತಾನಾಗಿ ಸಡಿಲಗೊಳ್ಳುತ್ತದೆ.

ಕ್ರಿಕೆಟ್‌ನಲ್ಲಿ ಚೆಂಡನ್ನು ಹೊಡೆದವನು ಓಡದೆ ನಿಲ್ಲಬಹುದು; ಬೇಸ್‌ಬಾಲಿನಲ್ಲಿ ಹೊಡೆತ ಗಡಿರೇಖೆಗಳ ಒಳಗೆ ನೆಲಕ್ಕೆ ಬಿದ್ದರೆ ಅವನು ಮೊದಲ ಬೇಸ್‌ಗೆ ಓಡಲೇಬೇಕಾಗುತ್ತದೆ, ಹೀಗಾಗಿ ಅಲ್ಲಿ ಈಗಾಗಲೇ ನಿಂತಿರುವವನು ಜಾಗ ತೆರವು ಮಾಡಿ ಎರಡನೆಯದಕ್ಕೆ ಹೋಗಬೇಕಾಗುತ್ತದೆ. ಈ ಒತ್ತಡಕ್ಕೆ ಫೋರ್ಸ್ ಎಂದು ಹೆಸರು. ಫೋರ್ಸ್ ಇರುವಾಗ ಚೆಂಡು ಹಿಡಿದ ಕ್ಷೇತ್ರರಕ್ಷಕ ಮುಂದಿನ ಬೇಸನ್ನು ಮುಟ್ಟಿದರೂ ಸಾಕು, ಓಟಗಾರ ಔಟ್. ಆದರೆ ಹಿಂದಿನಿಂದ ಬರುತ್ತಿದ್ದವನೇ ಮೊದಲು ಔಟಾದರೆ ಒತ್ತಡ ಅಳಿಯುತ್ತದೆ, ಆಗ ಓಟಗಾರನ ಮೈಗೇ ಚೆಂಡು ಮುಟ್ಟಿಸಬೇಕು.

ಚೆಂಡು ಗಾಳಿಯಲ್ಲೇ ಕ್ಯಾಚ್ ಆದಾಗ ಲೆಕ್ಕ ತಲೆಕೆಳಗಾಗುತ್ತದೆ. ಬೇಸ್ ಬಿಟ್ಟು ಹೊರಟವನು ಹಿಂತಿರುಗಿ ಅದನ್ನು ಮುಟ್ಟಿದ ನಂತರವೇ, ಅಂದರೆ ಟ್ಯಾಗ್ ಅಪ್ ಮಾಡಿದ ನಂತರವೇ, ಮುನ್ನಡೆಯಬಹುದು. ರಕ್ಷಕನ ಕೈಗೆ ಚೆಂಡು ಮೊದಲು ತಗುಲಿದ ಕ್ಷಣವೇ ಹೊರಡಬಹುದೆಂಬುದನ್ನು ತರಬೇತುದಾರರೂ ಮರೆಯುವುದುಂಟು. ಹಿಂತಿರುಗದವನು ಔಟಾಗುವುದು ಫೋರ್ಸ್‌ನಂತೆ ತೋರಿದರೂ ಫೋರ್ಸ್ ಅಲ್ಲ. ಆದ್ದರಿಂದ ಅದು ತಂಡದ ಸರದಿಯನ್ನು ಮುಗಿಸುವ ಮೂರನೆಯ ಔಟ್ ಆಗಿದ್ದರೂ, ಅದಕ್ಕೆ ಮೊದಲೇ ನಿಯಮಬದ್ಧವಾಗಿ ಹೋಮ್, ಅಂದರೆ ಕೊನೆಯ ನೆಲೆ, ಮುಟ್ಟಿದ ಇನ್ನೊಬ್ಬನ ರನ್ ಲೆಕ್ಕಕ್ಕೆ ಸೇರುತ್ತದೆ. ಅಂಕಪಟ್ಟಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಅತ್ಯಂತ ಕುಖ್ಯಾತವಾದ ಇನ್‌ಫೀಲ್ಡ್ ಫ್ಲೈ ನಿಯಮವೂ ಓಟಗಾರರ ರಕ್ಷಣೆಗೆಂದೇ ಹುಟ್ಟಿದ್ದು. ಮೊದಲ ಮತ್ತು ಎರಡನೆಯ ಬೇಸ್‌ಗಳಲ್ಲಿ, ಅಥವಾ ಮೂರರಲ್ಲೂ, ಓಟಗಾರರಿದ್ದು ಔಟ್‌ಗಳು ಎರಡಕ್ಕಿಂತ ಕಡಿಮೆಯಿರುವಾಗ, ಒಳಮೈದಾನದ ರಕ್ಷಕ ಸಾಮಾನ್ಯ ಪ್ರಯತ್ನದಿಂದ ಹಿಡಿಯಬಹುದಾದ ಚೆಂಡು ಮೇಲೇರಿದರೆ ಅಂಪೈರ್ ಬ್ಯಾಟರನ್ನು ಆಗಲೇ ಔಟೆಂದು ಸಾರುತ್ತಾರೆ. ಹಾಗೆ ಮಾಡದಿದ್ದರೆ, ಕ್ಯಾಚಿನ ಭಯಕ್ಕೆ ಬೇಸ್‌ ಬಳಿಯೇ ನಿಂತವರನ್ನು ರಕ್ಷಕ ಬೇಕೆಂದೇ ಚೆಂಡು ಕೈಬಿಟ್ಟು ಫೋರ್ಸ್‌ನಲ್ಲಿ ಸಿಕ್ಕಿಸಬಲ್ಲ. ಇದೊಂದು ಕುಟಿಲ ಉಪಾಯ, ಮಕ್ಕಳ ಆಟಕ್ಕಂತೂ ಸಲ್ಲದ್ದು. ಚೆಂಡು ನೆಲಕ್ಕೆ ಬಿದ್ದರೂ ಬ್ಯಾಟರ್ ಔಟಾಗಿರುವುದರಿಂದ ಉಳಿದವರು ಓಡಬೇಕಾಗಿಲ್ಲ, ಓಡಿದರೆ ಅಪಾಯ ಅವರದೇ.

ಪ್ರೇಕ್ಷಕರ ನಡುವೆ ಹಬ್ಬಿರುವ ಒಂದು ನಂಬಿಕೆ ಮಾತ್ರ ಶುದ್ಧ ತಪ್ಪು: ವಾಸ್ತವದಲ್ಲಿ ಮೊದಲ ಬೇಸನ್ನು ದಾಟಿ ಓಡಿದವನು ಎಡಕ್ಕೆ ತಿರುಗಿದ ಮಾತ್ರಕ್ಕೆ ಔಟಾಗುವ ಅಪಾಯಕ್ಕೆ ಸಿಲುಕುವುದಿಲ್ಲ, ಎರಡನೆಯದರತ್ತ ಹೋಗುವ ಯತ್ನ ಮಾಡಿದರೆ ಮಾತ್ರ ಸಿಲುಕುತ್ತಾನೆ. ಹಾಗೆಯೇ, ಲಿಟಲ್ ಲೀಗ್‌ನ ಕಿರಿಯ ವಿಭಾಗಗಳಲ್ಲಿ ಎಸೆದ ಚೆಂಡು ಬ್ಯಾಟರನ್ನು ತಲುಪುವ ಮುನ್ನ ಬೇಸ್ ಬಿಡುವಂತಿಲ್ಲವಾದರೂ, ಬಿಟ್ಟವನನ್ನು ಅಷ್ಟಕ್ಕೇ ಔಟೆಂದು ಸಾರಲು ಅಲ್ಲಿನ ನಿಯಮದಲ್ಲಿ ಅವಕಾಶವಿಲ್ಲ.