ಲಾರಿ ನಿಂತರಷ್ಟೇ ಒಲೆ ಉರಿಯುತ್ತದೆ

ಪುಣೆ ಹತ್ತಿರದ ಚಾಕಣ ಕೈಗಾರಿಕಾ ಪ್ರದೇಶದಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಂದು ಸುತ್ತು ಹಾಕಿದರೆ, ಕಾರ್ಖಾನೆಗಳ ಗೇಟಿನ ಹೊರಗೆ ಸಾಲುಗಟ್ಟಿ ನಿಂತ ಲಾರಿಗಳು ಕಾಣುತ್ತವೆ. ನಂಬರ್ ಪ್ಲೇಟು ಓದುತ್ತಾ ಹೋದರೆ ನಮ್ಮ ಕಡೆಯವೂ ಸಿಗುತ್ತವೆ. ಕೆಎ 22 ಬೆಳಗಾವಿ, ಕೆಎ 25 ಧಾರವಾಡ, ಕೆಎ 27 ಹಾವೇರಿ. ಲಾರಿಯ ನೆರಳಿನಲ್ಲಿ ಗೋಣಿಚೀಲ ಹಾಸಿ ಒಬ್ಬ ಉಳ್ಳಾಗಡ್ಡಿ ಹೆಚ್ಚುತ್ತಿದ್ದರೆ, ಇನ್ನೊಬ್ಬ ಅಕ್ಕಿ ತೊಳೆಯುತ್ತಿರುತ್ತಾನೆ. ಪಕ್ಕದಲ್ಲಿ ಸ್ಟವ್ ಉರಿಯುತ್ತಿರುತ್ತದೆ. ಕಾರಿನಲ್ಲಿ ದಾಟಿ ಹೋಗುವವರಿಗೆ ಅದು ದುಡ್ಡು ಉಳಿಸುವ ಉಪಾಯದಂತೆ ಕಾಣಬಹುದು. ದುಡ್ಡು ಉಳಿಯುವುದೂ ನಿಜ. ಆದರೆ ದೂರದ ದಾರಿಯ ಚಾಲಕನ ಆರೋಗ್ಯವೂ ಅದೇ ಸ್ಟವ್‌ ಮೇಲೆ ನಿಂತಿದೆ.

ನನಗೆ ಇದು ಗೊತ್ತಾದದ್ದು ನನ್ನ ಸೋದರಮಾವನಿಂದ. ಹಾವೇರಿ ಜಿಲ್ಲೆಯವರು, 26 ವರ್ಷದಿಂದ ಲಾರಿ ಓಡಿಸುತ್ತಿದ್ದಾರೆ. ಹದಿನೈದು ದಿನಕ್ಕೊಮ್ಮೆಯಾದರೂ ಬೆಂಗಳೂರಿನಿಂದ ಚಾಕಣಕ್ಕೆ ಬರುತ್ತಾರೆ. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಎಂಟು ವರ್ಷವಾದ ನಾನು ಕೆಲಸ ಮಾಡುವುದು ವಾಹನಗಳ ಜಾಡು ಹಿಡಿಯುವ ಸಾಫ್ಟ್‌ವೇರ್ ತಯಾರಿಸುವ ಕಂಪನಿಯಲ್ಲಿ. ಲಾರಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಮಾಲೀಕರ ಮೊಬೈಲಿಗೆ ತೋರಿಸುವುದು ನಮ್ಮ ಕೆಲಸ. ಹಾಗಾಗಿ ಮಾಮಾ ಬಂದಾಗಲೆಲ್ಲ ನಮ್ಮಿಬ್ಬರಿಗೆ ಮಾತಿಗೆ ಬರವಿಲ್ಲ.

ಮೂರು ವರ್ಷದ ಹಿಂದೆ ಅವರು ಲೈಸೆನ್ಸ್ ನವೀಕರಿಸಬೇಕಿತ್ತು. ಸಾರಿಗೆ ವಾಹನದ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ವೈದ್ಯರ ಪ್ರಮಾಣಪತ್ರವೂ ಬೇಕು. ಪರೀಕ್ಷೆ ಮಾಡಿದ ಡಾಕ್ಟರು ಯಾಕೋ ಅನುಮಾನ ಬಂದು ರಕ್ತ ಪರೀಕ್ಷೆಗೂ ಬರೆದರು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 9.2 ಬಂತು. 6.5 ದಾಟಿದರೆ ಮಧುಮೇಹ ಎಂದು ಲೆಕ್ಕ. ಚಾಲಕನಿಗೆ ಇದು ಬರೀ ಕಾಯಿಲೆಯ ಮಾತಲ್ಲ. ಹತೋಟಿಗೆ ಬಾರದ ಸಕ್ಕರೆ ಕಣ್ಣಿನ ಒಳಪದರವನ್ನು ಹಾಳು ಮಾಡುತ್ತದೆ. ಕಣ್ಣು ಮಂಜಾದರೆ ಮುಂದಿನ ಪ್ರಮಾಣಪತ್ರ ಸಿಗುವುದಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಮನೆಯ ಸಾಲದ ಕಂತೂ ಇಲ್ಲ, ಮಗಳ ಕಾಲೇಜಿನ ಫೀಸೂ ಇಲ್ಲ.

ಡಾಕ್ಟರು ಮಾತ್ರೆಯ ಜೊತೆಗೆ ಒಂದು ಆಹಾರ ಪಟ್ಟಿ ಕೊಟ್ಟರು. ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಮಜ್ಜಿಗೆ, ಒಂದೂವರೆಗೆ ಚಪಾತಿ ಪಲ್ಯ, ರಾತ್ರಿ ಎಂಟಕ್ಕೆ ಊಟ, ಆಮೇಲೆ ಅರ್ಧ ಗಂಟೆ ನಡಿಗೆ. ಮಾಮಾ ಅದನ್ನು ನನಗೆ ತೋರಿಸಿ ನಕ್ಕರು. "ಅಳಿಯಾ, ಒಂದೂವರಿಗೆ ನಾ ಖಂಬಾಟಕಿ ಘಾಟ್ ಏರಾಕತ್ತಿರ್ತೀನಿ. ಅಲ್ಲೇ ಗಾಡಿ ನಿಂದರ್ಸಿ ಚಪಾತಿ ತಿನ್ಲೇನು?"

ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಅದು ಒಂದೇ ಕಡೆ ಕುಳಿತು ಕೆಲಸ ಮಾಡುವವರಿಗೆ ಬರೆದ ಪಟ್ಟಿ, ಅಷ್ಟೇ. ಓಡುವವರ ಪಟ್ಟಿಯನ್ನು ಮಾಮಾ ಆಮೇಲೆ ತಾವೇ ತಯಾರಿಸಿಕೊಂಡರು.

ಧಾಬಾದ ಲೆಕ್ಕ

ಧಾಬಾ ಚಾಲಕರ ವೈರಿಯಲ್ಲ. ಮಧ್ಯರಾತ್ರಿ ಬಿಸಿ ರೊಟ್ಟಿ, ಕೈಕಾಲು ತೊಳೆಯಲು ನೀರು, ಬೆನ್ನು ಚಾಚಲು ಒಂದು ಹಗ್ಗದ ಮಂಚ ಕೊಡುವ ಜಾಗ ಅದು. ಆದರೆ ದಿನಕ್ಕೆರಡು ಹೊತ್ತು, ತಿಂಗಳಿಗೆ ಇಪ್ಪತ್ತೈದು ದಿನ ಅದೇ ಊಟವಾದರೆ ಕಥೆ ಬೇರೆ. ಎಣ್ಣೆ ತೇಲುವ ಪಲ್ಯ, ಬೆಣ್ಣೆ ಸವರಿದ ಮೈದಾ ನಾನ್, ಹಪ್ಪಳ, ಉಪ್ಪಿನಕಾಯಿ. ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥ ಎರಡು ಊಟದಲ್ಲಿ ಅದನ್ನು ದಾಟುವುದು ಕಷ್ಟವೇನಲ್ಲ.

ಇನ್ನು ಚಹಾ. ಮಾಮಾ ದಿನಕ್ಕೆ ಎಂಟು ಚಹಾ ಕುಡಿಯುತ್ತಿದ್ದರು. ಒಂದಕ್ಕೆ ಎರಡು ಚಮಚ ಸಕ್ಕರೆ ಎಂದರೂ ಸುಮಾರು 8 ಗ್ರಾಂ, ಎಂಟಕ್ಕೆ 64 ಗ್ರಾಂ. ದಿನಕ್ಕೆ 2000 ಕ್ಯಾಲರಿ ತಿನ್ನುವ ಮನುಷ್ಯನಿಗೆ ಮೇಲಿಂದ ಬೆರೆಸಿದ ಸಕ್ಕರೆ ಹೆಚ್ಚೆಂದರೆ 50 ಗ್ರಾಂ ಇರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ಅದೇ ಸಂಸ್ಥೆಯ ಸಲಹೆ. ಅಂದರೆ ಊಟಕ್ಕೆ ಕೂರುವ ಮೊದಲೇ, ಬರೀ ಚಹಾದಲ್ಲೇ ಲೆಕ್ಕ ಮುಗಿದಿರುತ್ತಿತ್ತು.

ಮೂರನೆಯದು ನಿದ್ದೆ. ಮನುಷ್ಯನ ದೇಹಕ್ಕೆ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಮತ್ತು ಬೆಳಗಿನ ಜಾವ ಸಹಜವಾಗಿಯೇ ಜೋಂಪು ಬರುತ್ತದೆ. ಅದಕ್ಕೆ ಸ್ವಲ್ಪ ಮೊದಲು ಹೊಟ್ಟೆ ಬಿರಿಯ ಅನ್ನ ಉಂಡರೆ ಜೋಂಪು ಇನ್ನೂ ಗಟ್ಟಿ. "ಹೊಟ್ಟಿ ತುಂಬಿದ್ರ ನಿದ್ದಿ, ಖಾಲಿ ಇದ್ರ ಸಿಟ್ಟು. ಎರಡೂ ಗಾಡಿಗೆ ಚಲೋ ಅಲ್ಲ" ಎಂಬುದು ಮಾಮಾನ ಅನುಭವದ ಮಾತು.

ಟೂಲ್‌ಬಾಕ್ಸ್ ಪಕ್ಕದ ಅಡುಗೆಮನೆ

ಮಾಮಾನ ಲಾರಿಯಲ್ಲಿ ಜಾಕ್, ಪಾನಾ ಇಡುವ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿ ಮೂರು ಲೀಟರಿನ ಕುಕ್ಕರ್, ಒಂದು ಕಡಾಯಿ, ಚಾಕು, ಎರಡು ತಾಟು, ಬಿಗಿ ಮುಚ್ಚಳದ ಡಬ್ಬಿಗಳು. 20 ಲೀಟರಿನ ನೀರಿನ ಕ್ಯಾನ್ ಬೇರೆ. ಮೊದಲು ಸೀಮೆಎಣ್ಣೆ ಸ್ಟವ್ ಇತ್ತು, ಈಗ 5 ಕೆ.ಜಿ.ಯ ಸಣ್ಣ ಗ್ಯಾಸ್ ಸಿಲಿಂಡರ್. ಇದು ಕೆಲವು ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ. ವಿಳಾಸದ ಪುರಾವೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಊರೂರು ತಿರುಗುವವರಿಗೆ ಇದು ದೊಡ್ಡ ಅನುಕೂಲ.

ಊರಿಂದ ಹೊರಡುವಾಗ ಅತ್ತೆ ಕಟ್ಟಿಕೊಡುವುದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು. ಶೇಂಗಾದಲ್ಲಿ ಪ್ರೋಟೀನು ಸುಮಾರು 25 ಗ್ರಾಂ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ನಮ್ಮ ಆಫೀಸಿನ ಕ್ಯಾಂಟೀನಿಗೂ ಬಣ್ಣದ ಕಾಗದ ಸುತ್ತಿದ ಜೋಳದ ಬಿಸ್ಕತ್ತು ಬಂದಿದೆ. ಮಾಮಾ ಒಂದನ್ನು ತಿಂದು, "ಇದಕ್ಕ ಇಷ್ಟು ರೊಕ್ಕಾನ?" ಎಂದು ಕೇಳಿದರು.

ಬಿಸಿ ಅಡುಗೆ ದಿನಕ್ಕೆ ಒಂದೇ ಸಲ. ಒಂದು ಪಾಲು ಅಕ್ಕಿ ಅಥವಾ ಜೋಳದ ನುಚ್ಚು, ಒಂದು ಪಾಲು ಹೆಸರುಬೇಳೆ, ಅದರ ಜೊತೆಗೆ ದಾರಿಯಲ್ಲಿ ಸಿಕ್ಕ ತರಕಾರಿ. ಅಕ್ಕಿಯಾದರೆ ನೆನೆಸುವ ಕೆಲಸವಿಲ್ಲ, ನುಚ್ಚಾದರೆ ಹೊರಡುವ ಮೊದಲೇ ಡಬ್ಬಿಯಲ್ಲಿ ನೆನೆಹಾಕಿಟ್ಟಿರುತ್ತಾರೆ. ಚಮಚ ಎಣ್ಣೆ, ಜೀರಿಗೆ, ಅರಿಶಿನ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ. ನಾಲ್ಕು ಸೀಟಿ ಆದರೆ ಇಬ್ಬರ ಊಟ ತಯಾರು. ಕರಾಡ, ನಿಪ್ಪಾಣಿ ಕಡೆ ಸಂತೆ ಇದ್ದ ದಿನ ಮೆಂತೆ, ಪಾಲಕ್ ಸಿಗುತ್ತದೆ. ಇಲ್ಲದಿದ್ದರೆ ಸೌತೆಕಾಯಿ, ಮೂಲಂಗಿ, ಗಜ್ಜರಿಯನ್ನು ಹಸಿಯಾಗಿಯೇ ಕಚ್ಚಿ ತಿನ್ನುವುದು. ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಕ್ಯಾಬಿನ್ನಿನಲ್ಲಿ ತೂಗುಹಾಕಿದರೆ ಆ ಬಿಸಿಗೆ ಮರುದಿನದೊಳಗೆ ಮೊಳಕೆ. ಸಂಜೆಯ ಹಸಿವಿಗೆ ವಡಾಪಾವ್ ಬದಲು ಒಂದು ಹಿಡಿ ಹುರಿದ ಶೇಂಗಾ, ಬೇಯಿಸಿದ ಮೊಟ್ಟೆ. ಚಹಾ ಎಂಟರಿಂದ ಮೂರಕ್ಕೆ ಇಳಿದಿದೆ, ಅದೂ ಸಕ್ಕರೆ ಇಲ್ಲದೆ.

ಕೆಲವು ನಿಯಮಗಳನ್ನು ಅವರು ಮುರಿಯುವುದಿಲ್ಲ. ಕ್ಯಾಬಿನ್ನಿನ ಒಳಗೆ ಒಲೆ ಹೊತ್ತಿಸುವುದಿಲ್ಲ, ಮಳೆ ಬಂದರೂ ಸರಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತುಂಬಿಕೊಳ್ಳುತ್ತದೆ. ಮುಚ್ಚಿದ ಜಾಗದಲ್ಲಿ ಒಲೆ ಉರಿಸಿದರೆ ವಿಷಾನಿಲದ ಭಯವೂ ಇದೆ. ಬಂಕ್ ಆವರಣದಲ್ಲಿ, ಟ್ಯಾಂಕರ್‌ಗಳ ಹತ್ತಿರ ಅಡುಗೆಯ ಮಾತೇ ಇಲ್ಲ. ಬೆಂದ ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಂಡು ತಿನ್ನುವುದಿಲ್ಲ. ಬೇಸಿಗೆಯ ಕ್ಯಾಬಿನ್ನಿನಲ್ಲಿ ಅದರೊಳಗೆ ಬೆಳೆಯುವ ಸೂಕ್ಷ್ಮಜೀವಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮಧುಮೇಹದ ಕೆಲವು ಮಾತ್ರೆಗಳಿಗೆ ಇನ್ನೊಂದು ಎಚ್ಚರ ಬೇಕು. ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ಬೆವರು, ಕೈ ನಡುಕ, ತಲೆ ಗಿರ್ರೆನ್ನುವುದು ಅದರ ಲಕ್ಷಣ. ಸ್ಟೀರಿಂಗ್ ಹಿಡಿದವರಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಬೇಕಿಲ್ಲ. ಅದಕ್ಕೇ ಮಾಮಾನ ಬಾಗಿಲ ಪಕ್ಕದ ಖಾನೆಯಲ್ಲಿ ಸದಾ ಗ್ಲೂಕೋಸ್ ಪುಡಿ ಇರುತ್ತದೆ. ಮೊದಲು ಗಾಡಿ ಬದಿಗೆ, ಆಮೇಲೆ ಗ್ಲೂಕೋಸ್ ಬಾಯಿಗೆ. ತಮ್ಮ ಓಡಾಟದ ವೇಳೆಯನ್ನು ಡಾಕ್ಟರಿಗೆ ಬಿಡಿಸಿ ಹೇಳಿ ಮಾತ್ರೆಯ ಹೊತ್ತನ್ನೂ ಹೊಂದಿಸಿಕೊಂಡಿದ್ದಾರೆ. ಮಾತ್ರೆ, ಊಟ ಎರಡೂ ಸೇರಿ ಈ ವರ್ಷದ ಎಚ್‌ಬಿಎ1ಸಿ 7.3.

ನಲವತ್ತೈದು ನಿಮಿಷ ಎಲ್ಲಿಂದ ತರುವುದು?

ಇಷ್ಟೆಲ್ಲ ಓದಿ, ಹಾಗಾದರೆ ಎಲ್ಲ ಚಾಲಕರೂ ಹೀಗೇ ಮಾಡಿಕೊಳ್ಳಬಹುದಲ್ಲ ಎನ್ನಿಸಬಹುದು. ಅಡುಗೆ ಬಾರದ ಲಾರಿ ಚಾಲಕರು ಕಡಿಮೆ. ಇಲ್ಲದಿರುವುದು ಹೊತ್ತು ಮತ್ತು ಜಾಗ. ಒಲೆ ಹೊತ್ತಿಸಿ, ಬೇಯಿಸಿ, ಉಂಡು, ಪಾತ್ರೆ ತೊಳೆದು ಮತ್ತೆ ಕ್ಯಾಬಿನ್ ಹತ್ತಲು 45 ನಿಮಿಷವಾದರೂ ಬೇಕು. ಪುಣೆ–ಬೆಂಗಳೂರು ಸುಮಾರು 840 ಕಿಲೋಮೀಟರ್. ಗಂಟೆಗೆ ಸರಾಸರಿ 40ರಂತೆ ಹೋದರೆ ಬರೀ ಓಟವೇ 21 ಗಂಟೆ. ಸರಕು ನಾಳೆ ಸಂಜೆಗೆ ತಲುಪಬೇಕು ಎಂದು ಫೋನ್ ಬಂದರೆ ಮೊದಲು ಕತ್ತರಿ ಬೀಳುವುದು ಊಟಕ್ಕೆ, ಎರಡನೆಯದು ನಿದ್ದೆಗೆ.

ಇಲ್ಲಿ ನನ್ನ ವೃತ್ತಿಯ ಮಾತು ಬರುತ್ತದೆ. ನಾವು ತಯಾರಿಸುವಂಥ ವ್ಯವಸ್ಥೆಗಳಲ್ಲಿ ಓಡುವ ಲಾರಿ ಹಸಿರು ಚುಕ್ಕೆ, ಹೆಚ್ಚು ಹೊತ್ತು ನಿಂತ ಲಾರಿ ಕೆಂಪು ಚುಕ್ಕೆ. ಕೆಂಪಾದ ಕೂಡಲೇ ಮಾಲೀಕರ ಮೊಬೈಲು ಸದ್ದು ಮಾಡುತ್ತದೆ, ಅವರು ಚಾಲಕನಿಗೆ ಫೋನ್ ಮಾಡುತ್ತಾರೆ. ಡೀಸೆಲ್ ಕಳ್ಳತನ, ಸರಕಿನ ಭಯ, ಗ್ರಾಹಕರ ಒತ್ತಡ ಎಲ್ಲ ಇರುವುದರಿಂದ ಅವರ ಆತಂಕ ಸುಳ್ಳಲ್ಲ. ಆದರೆ ಪರದೆಯ ಮೇಲೆ ಕುಕ್ಕರಿನ ಸೀಟಿ ಕೇಳಿಸುವುದಿಲ್ಲ. ಕಳೆದ ವರ್ಷ ನಮ್ಮ ತಂಡ ಚಾಲಕನ ಆ್ಯಪ್‌ನಲ್ಲಿ ಊಟಕ್ಕೊಂದು ಬಟನ್ ಸೇರಿಸಿತು. ಒತ್ತಿದರೆ 45 ನಿಮಿಷ ಎಚ್ಚರಿಕೆಯ ಸದ್ದು ಇರುವುದಿಲ್ಲ. ಅದನ್ನು ಬಳಸಬೇಕೋ ಬೇಡವೋ ಎಂಬುದು ಮಾಲೀಕರ ಆಯ್ಕೆ. ಕೆಲವರು ಬಳಸುತ್ತಿದ್ದಾರೆ, ಹೆಚ್ಚಿನವರು ಇನ್ನೂ ಬಂದ್ ಇಟ್ಟಿದ್ದಾರೆ.

ಯುರೋಪಿನಲ್ಲಿ ಭಾರಿ ಲಾರಿಯ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು, ಲಾರಿಯಲ್ಲಿರುವ ಯಂತ್ರ ಅದನ್ನು ದಾಖಲಿಸುತ್ತದೆ. ಜಾಡು ಹಿಡಿಯುವ ಯಂತ್ರ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅಲ್ಲಿ ಅದು ಚಾಲಕ ನಿಂತನೇ ಎಂದು ಕೇಳುತ್ತದೆ, ಇಲ್ಲಿ ಯಾಕೆ ನಿಂತೆ ಎಂದು ಕೇಳುತ್ತದೆ. ನಮ್ಮಲ್ಲಿ ನಿಯಮವೇ ಇರಲಿಲ್ಲ ಎಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆ ವಿರಾಮ ಎಂದು ಆಗಲೇ ಬರೆದಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾಡಿದ ಕಾನೂನು. ಒಂದೆರಡು ಲಾರಿಯ ಸಣ್ಣ ಮಾಲೀಕರ ಬಳಿ ದುಡಿಯುವವರು ಅದರ ಹೊರಗೇ ಉಳಿದರು.

ಒಳ್ಳೆಯ ಬದಲಾವಣೆಗಳೂ ಇವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ಸರ್ಕಾರಿ ತೈಲ ಕಂಪನಿಗಳು ಹೆದ್ದಾರಿ ಬಂಕ್‌ಗಳಲ್ಲಿ ‘ಅಪ್ನಾ ಘರ್’ ಹೆಸರಿನ ವಿಶ್ರಾಂತಿ ತಾಣಗಳನ್ನು ಕಟ್ಟುತ್ತಿವೆ. ಮಲಗಲು ಹಾಸಿಗೆ, ಸ್ನಾನಕ್ಕೆ ಜಾಗ, ಶೌಚಾಲಯ, ಕುಡಿಯುವ ನೀರಿನ ಜೊತೆಗೆ ಚಾಲಕರು ತಾವೇ ಅಡುಗೆ ಮಾಡಿಕೊಳ್ಳುವ ಸ್ಥಳವನ್ನೂ ಆ ಯೋಜನೆಯಲ್ಲಿ ಸೇರಿಸಿದ್ದಾರೆ. ಕೇಳಿ ನನಗೆ ಸಂತೋಷವಾದದ್ದು ಈ ಕೊನೆಯ ಅಂಶಕ್ಕೆ. ಚಾಲಕನಿಗೆ ಒಲೆ ಹೊತ್ತಿಸಲು ಜಾಗ ಬೇಕು ಎಂದು ಯಾರೋ ಯೋಚಿಸಿದ್ದಾರಲ್ಲ.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರು ಇದೇ ಸರಪಳಿಯ ಒಂದೊಂದು ಕೊಂಡಿಯಲ್ಲಿದ್ದೇವೆ. ಯಾರೋ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಾರೆ, ಯಾರೋ ಸರಕು ಸಾಗಣೆಯ ವೇಳಾಪಟ್ಟಿ ಮಾಡುತ್ತಾರೆ, ನನ್ನಂಥವರು ಆ್ಯಪ್ ಬರೆಯುತ್ತಾರೆ. ಲೋಡಿಂಗ್‌ಗೆ ಕಾಯುವ ನಾಲ್ಕಾರು ಗಂಟೆಯೇ ಚಾಲಕನಿಗೆ ಅಡುಗೆಗೆ ಸಿಗುವ ಹೊತ್ತು. ಆದರೆ ಯಾವಾಗ ಸರದಿ ಮುಂದಕ್ಕೆ ಸರಿಯುತ್ತದೋ ತಿಳಿಯದೆ ಅವನು ಸ್ಟೀರಿಂಗ್ ಬಿಟ್ಟು ಇಳಿಯುವುದಿಲ್ಲ. ಟೋಕನ್ ಕೊಟ್ಟು, ನಿನ್ನ ಸರದಿ ಇನ್ನು ಎರಡು ಗಂಟೆಗೆ ಎಂದು ಹೇಳಿದರೆ ಸಾಕು, ಅವನು ಅಕ್ಕಿ ತೊಳೆಯುತ್ತಾನೆ. ಗೇಟಿನ ಹೊರಗೆ ಒಂದು ನಲ್ಲಿ, ಒಂದಿಷ್ಟು ನೆರಳು, ಬಳಸುವಂಥ ಒಂದು ಶೌಚಾಲಯ ಇದ್ದರೆ ಇನ್ನೂ ಒಳ್ಳೆಯದು. ಶೌಚಾಲಯವಿಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಮೂತ್ರಪಿಂಡದ ಕಲ್ಲು ಕಟ್ಟಿಕೊಂಡವರು ಮಾಮಾನ ಗೆಳೆಯರಲ್ಲೇ ಇದ್ದಾರೆ.

ಇದಕ್ಕೆಲ್ಲ ದೊಡ್ಡ ಬಜೆಟ್ ಬೇಕಿಲ್ಲ. ನಿಮ್ಮ ಕಂಪನಿಯ ಮುಂದಿನ ಸಭೆಯಲ್ಲಿ ಗೇಟಿನ ಹೊರಗಿನ ಸಾಲಿನ ಬಗ್ಗೆ ಒಂದು ಮಾತು ಎತ್ತಿ ನೋಡಿ. ಆ ಸಾಲಿನಲ್ಲಿ ಕೆಎ ಎಂದು ಬರೆದ ಲಾರಿ ಕಂಡರೆ ನಿಂತು, "ಊಟ ಆತೇನ್ರಿ?" ಎಂದು ಕೇಳಿ. ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ, ನೀರು ಎಲ್ಲಿಂದ ತಂದರು, ಒಲೆ ಎಲ್ಲಿ ಹೊತ್ತಿಸಿದರು ಎಂಬುದೆಲ್ಲ ಆ ಒಂದು ಪ್ರಶ್ನೆಗೆ ಬರುವ ಉತ್ತರದಲ್ಲೇ ಇರುತ್ತದೆ.