ಮಗ್ಗದ ಗಿಯರು, ಕೈಗಾದ ಲೋಹ, ತಳಿಯ ಅಜ್ಜಿಯ ಮಂಡಿ

ಇದು ಮಂಡಿಯಂತೆ! ಹೊಸೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಮೂಳೆ ಡಾಕ್ಟರು ಮೇಜಿನ ಖಾನೆಯಿಂದ ತೆಗೆದು ನನ್ನ ಕೈಗಿಟ್ಟ ಲೋಹದ ತುಂಡು ಕುದುರೆಯ ಲಾಳವನ್ನು ಅರ್ಧ ಮಡಿಸಿಟ್ಟ ಹಾಗಿತ್ತು. ಅಂಗೈಯಲ್ಲಿ ಹಿಡಿಸುವ ವಸ್ತು, ಆದರೂ ಕೈ ಕೆಳಗೆ ಜಗ್ಗಿತು. ಉಕ್ಕಿಗಿಂತ ಭಾರ. ಹೊರಮೈಯಲ್ಲಿ ನನ್ನ ಮೂಗು, ಹಿಂದಿನ ಕಿಟಕಿ, ಕಿಟಕಿಯಾಚೆ ಅತ್ತಿಬೆಲೆ ಕಡೆಗೆ ಹೋಗುವ ಲಾರಿ ಎಲ್ಲವೂ ಕಾಣುತ್ತಿವೆ. ಒಳಮೈ ಮಾತ್ರ ಬೇಕೆಂದೇ ಒರಟು. ಹೊಳೆಯುವ ಕಡೆ ಸರಾಸರಿ ಉಬ್ಬುತಗ್ಗು ಒಂದು ಮೈಕ್ರಾನಿನ ಹತ್ತನೇ ಒಂದು ಭಾಗವನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಮಾನದಂಡವೇ ಇದೆಯಂತೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಮಾಡಬೇಕು. ಅಷ್ಟು!

ಖಾನೆಯಿಂದ ಇನ್ನೂ ಮೂರು ಬಂದವು. ಅಡಿಗೆ ಗೂಟವಿರುವ ಲೋಹದ ತಟ್ಟೆಯೊಂದು. ಅದರ ಮೇಲೆ ಟಕ್ಕೆಂದು ಕೂರುವ, ಎರಡು ಕಡೆ ಸ್ವಲ್ಪ ತಗ್ಗಾದ ಬಿಳಿ ಪ್ಲಾಸ್ಟಿಕ್ಕು. ಮಂಡಿಚಿಪ್ಪಿನ ಹಿಂಬದಿಗೆ ಅಂಟಿಸುವ ಗುಂಡಿಯೊಂದು. ಇದನ್ನು ಎಷ್ಟೋ ಸರ್ಜನ್ನರು ಹಾಕುವುದೇ ಇಲ್ಲ. ಇಷ್ಟೇ! ಮಂಡಿ ಬದಲಿಸುವುದೆಂದರೆ ಇಡೀ ಕೀಲನ್ನು ಕತ್ತರಿಸಿ ಎಸೆದು ಹೊಸದನ್ನು ಕೂರಿಸುತ್ತಾರೆ ಎಂದೇ ನಾನೂ ತಿಳಿದಿದ್ದೆ. ತೆಗೆಯುವುದು ಮೇಲಿನ ಮೂಳೆಯ ತುದಿಯಿಂದ ಒಂಬತ್ತು ಹತ್ತು ಮಿಲಿಮೀಟರ್, ಕೆಳಗಿನದರಿಂದ ಹೆಚ್ಚುಕಡಿಮೆ ಅಷ್ಟೇ. ಸವೆದ ಮೇಲ್ಮೈಯನ್ನು ಹೆರೆದು ಲೋಹದ ಹೊದಿಕೆ ಹಾಕುವ ಕೆಲಸ ಅದು. ಸ್ನಾಯು, ಅಕ್ಕಪಕ್ಕದ ಲಿಗಮೆಂಟು ಎಲ್ಲ ರೋಗಿಯದೇ.

ಈ ಹೊದಿಕೆ ತಡೆಯಬೇಕಾದ ಭಾರ ಎಷ್ಟು? ಇದನ್ನು ಅಂದಾಜಿನಲ್ಲಿ ಹೇಳಬೇಕಾಗಿಲ್ಲ ಎನ್ನುವುದೇ ನನ್ನನ್ನು ದಂಗುಬಡಿಸಿದ್ದು. ಬರ್ಲಿನ್ನಿನ ಸಂಶೋಧಕರು ಅಳತೆಯ ಸೆನ್ಸರು ಮತ್ತು ಪುಟ್ಟ ರೇಡಿಯೋ ಇರುವ ಕೃತಕ ಮಂಡಿಗಳನ್ನೇ ತಯಾರಿಸಿ ಕೆಲವು ರೋಗಿಗಳಿಗೆ ಹಾಕಿದರು. ಅವರು ನಡೆದಾಗ, ಕುಳಿತಾಗ, ಮೆಟ್ಟಿಲಿಳಿದಾಗ ಮಂಡಿ ತಾನೇ ವರದಿ ಕಳಿಸುತ್ತಿತ್ತು! 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಸಮತಟ್ಟು ನೆಲದಲ್ಲಿ ನಡೆದರೆ ಮೈತೂಕದ ಎರಡೂವರೆ ಪಟ್ಟಿಗೂ ಹೆಚ್ಚು ಭಾರ, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು. ಅಂದರೆ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ ಹತ್ತಿ ಇಳಿಯುವ ಅರವತ್ತು ಕಿಲೋ ತೂಕದ ಹೆಂಗಸಿನ ಒಂದೊಂದು ಮಂಡಿಯ ಮೇಲೂ, ಒಂದೊಂದು ಮೆಟ್ಟಿಲಿಗೂ, ಇನ್ನೂರು ಕಿಲೋ! ಕಂಪನಿಯವರು ಯಂತ್ರದಲ್ಲಿ ಪರೀಕ್ಷೆ ಮಾಡುವಾಗ ಒಂದು ವರ್ಷದ ನಡಿಗೆಗೆ ಹತ್ತು ಲಕ್ಷ ಸಲ ಮಡಚಿ ಬಿಡಿಸುತ್ತಾರೆ.

ಇದನ್ನು ಹೊಸೂರಿನವರಿಗೆ ಹೇಳುವುದು ಸುಲಭ. ಬೈಕು, ಲಾರಿ, ಕೈಗಡಿಯಾರ ಮಾಡುವ ಊರು ಇದು. ಬೇರಿಂಗು ಯಾಕೆ ಸವೆಯುತ್ತದೆ ಎಂದು ಟೀ ಅಂಗಡಿಯಲ್ಲೇ ವಿವರಿಸುವವರು ಸಿಗುತ್ತಾರೆ. ಕೃತಕ ಮಂಡಿಯ ಕಥೆಯೂ ಕೊನೆಗೆ ಕಾರ್ಖಾನೆಯ ಕಥೆಯೇ. ಇದರಲ್ಲಿ ಮೂಳೆಗೆಂದು ಹುಟ್ಟಿದ ಪದಾರ್ಥ ಒಂದೂ ಇಲ್ಲ!

ಮೊದಲ ಪ್ರಯತ್ನ ದಂತದ್ದು. 1890ರಲ್ಲಿ, ಅದೇ ಬರ್ಲಿನ್ನಿನಲ್ಲಿ, ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ಸರ್ಜನ್ ಕ್ಷಯದಿಂದ ಹಾಳಾದ ಹದಿನೇಳರ ಹುಡುಗಿಯ ಮಂಡಿಗೆ ಆನೆದಂತದ ಕೀಲು ಕೂರಿಸಿದ. ಬಾಗಿಲಿನ ತಿರುಗಣಿಯ ತತ್ವವೇ. ಹಿಡಿಸಲು ಪ್ಲಾಸ್ಟರು, ರಾಳ, ಪ್ಯೂಮಿಸ್ ಕಲ್ಲಿನ ಪುಡಿಯ ಮಿಶ್ರಣ. ಸೋಂಕು ಎಲ್ಲವನ್ನೂ ಕೆಡಿಸಿತು, ಗ್ಲುಕ್ ಕೈಬಿಟ್ಟ. 1950ರ ದಶಕದಲ್ಲಿ ವಾಲ್ಡಿಯಸ್ ಮತ್ತು ಶಿಯರ್ಸ್ ಎಂಬ ಸರ್ಜನ್ನರು ಮತ್ತೆ ತಿರುಗಣಿಯನ್ನೇ ಹಿಡಿದರು. ಆದರೆ ಮಂಡಿ ಬಾಗಿಲಲ್ಲ. ಮಡಿಸುವಾಗ ಉರುಳುತ್ತದೆ, ಜಾರುತ್ತದೆ, ಪೂರ್ತಿ ನೆಟ್ಟಗಾಗುವ ಕೊನೆಗಳಿಗೆಯಲ್ಲಿ ಕೆಳಗಿನ ಮೂಳೆ ಒಂದಿಷ್ಟು ಹೊರಕ್ಕೆ ತಿರುಗಿ ಬಿಗಿಯಾಗುತ್ತದೆ. ಒಂದೇ ಅಚ್ಚಿನ ತಿರುಗಣಿಗೆ ಇದೆಲ್ಲ ಬಾರದು. ತಿರುಚುವ ಬಲವೆಲ್ಲ ಮೂಳೆಗೆ ಹೋಗಿ ಕೀಲೇ ಸಡಿಲವಾಗುತ್ತಿತ್ತು.

ಬಿಡುಗಡೆ ಬಂದದ್ದು ಮಗ್ಗದಿಂದ!

1962ರ ಮೇ ತಿಂಗಳು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸರ್ಜನ್ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಹಾಕಿ ಕೈಸುಟ್ಟುಕೊಂಡು ಕುಳಿತಿದ್ದಾರೆ. ಟೆಫ್ಲಾನ್ ಬೇಗ ಬೇಗ ಸವೆದು ಪುಡಿಯಾಗಿ ಒಳಗೆಲ್ಲ ಊತ. ಅಷ್ಟರಲ್ಲಿ ಒಬ್ಬ ಸೇಲ್ಸ್‌ಮನ್ ಬಂದ. ಅವನು ಮಾರುತ್ತಿದ್ದದ್ದು ಲ್ಯಾಂಕಶೈರಿನ ಬಟ್ಟೆಮಿಲ್ಲುಗಳ ಮಗ್ಗಕ್ಕೆ ಪ್ಲಾಸ್ಟಿಕ್ ಗಿಯರು. ಆಸ್ಪತ್ರೆಯ ವರ್ಕ್‌ಶಾಪಿನ ಹ್ಯಾರಿ ಕ್ರೇವನ್ ಒಂದು ತುಂಡು ಇಸಕೊಂಡ. ಚಾರ್ನ್ಲಿ ಅದಕ್ಕೆ ಉಗುರೊತ್ತಿ ನೋಡಿ, ಇದು ಆಗುವ ಮಾತಲ್ಲ ಎಂದು ವಿದೇಶಕ್ಕೆ ಹೋದರು. ಕ್ರೇವನ್ ಸುಮ್ಮನಿರಲಿಲ್ಲ, ಸವೆತದ ಯಂತ್ರಕ್ಕೆ ಕಟ್ಟಿ ಹಗಲೂ ರಾತ್ರಿ ಓಡಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ! ಇವತ್ತಿಗೂ ಜಗತ್ತಿನ ಬಹುತೇಕ ಎಲ್ಲ ಕೃತಕ ಮಂಡಿಗಳ ಆ ಬಿಳಿ ತುಂಡು ಅದೇ ಪಾಲಿಎಥಿಲೀನ್. ಹಾಲಿನ ಪ್ಯಾಕೆಟ್ಟಿನ ವಂಶದ್ದೇ. ಅಣುಸರಪಳಿ ಮಾತ್ರ ಅಸಾಧ್ಯ ಉದ್ದ, ಅಣುತೂಕ ಹತ್ತಾರು ಲಕ್ಷ. ಈಗ ವಿಕಿರಣ ಹಾಯಿಸಿ ಸರಪಳಿಗಳನ್ನು ಪರಸ್ಪರ ಹೆಣೆಯುತ್ತಾರೆ, ಆಮ್ಲಜನಕ ತಗಲಿ ಕೆಡದಿರಲೆಂದು ಕೆಲವದಕ್ಕೆ ವಿಟಮಿನ್ ಇ ಬೆರೆಸುತ್ತಾರೆ. ಪ್ಲಾಸ್ಟಿಕ್ಕಿಗೆ ವಿಟಮಿನ್ನು!

ಲೋಹದ ವಂಶಾವಳಿ ಇನ್ನೂ ಸೊಗಸು. ಕೋಬಾಲ್ಟ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಈ ಮಿಶ್ರಲೋಹವನ್ನು 1930ರ ದಶಕದಲ್ಲಿ ಹಲ್ಲಿನ ಡಾಕ್ಟರುಗಳಿಗಾಗಿ ಎರಕ ಹೊಯ್ದರು. ಎರಡನೇ ಮಹಾಯುದ್ಧದಲ್ಲಿ ಅದೇ ಲೋಹ, ಅದೇ ಎರಕ ವಿಮಾನ ಎಂಜಿನ್ನಿನ ಟರ್ಬೊ ಬ್ಲೇಡಾಯಿತು. ಎರಕದ ವಿಧಾನ ಯಾವುದು ಗೊತ್ತೆ? ಮೇಣದಲ್ಲಿ ರೂಪ ತಿದ್ದಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ಹೊರಹಾಕಿ, ಆ ಖಾಲಿ ಜಾಗಕ್ಕೆ ಲೋಹ ಸುರಿಯುವುದು. ಚೋಳರ ಕಂಚಿನ ನಟರಾಜ ಎದ್ದುಬಂದದ್ದು ಹೀಗೆಯೇ!

ಇನ್ನೊಂದು ಬಗೆ ಕಪ್ಪಗೆ ಹೊಳೆಯುತ್ತದೆ. ಅದು ಜಿರ್ಕೋನಿಯಂ, ಜೊತೆಗೆ ಶೇ. 2.5 ನಿಯೋಬಿಯಂ. ಗಾಳಿಯಲ್ಲಿ ಕಾಯಿಸಿದರೆ ಮೇಲ್ಪದರ, ಬರೀ ಐದು ಮೈಕ್ರಾನಿನಷ್ಟು, ಸೆರಾಮಿಕ್ ಆಗಿ ಮಾರ್ಪಡುತ್ತದೆ. ನಿಕ್ಕಲ್ ಅಲರ್ಜಿ ಇರುವವರಿಗೆ ಇದು ವರ. ಈ ಜಿರ್ಕೋನಿಯಂ-ನಿಯೋಬಿಯಂ ಜೋಡಿ ಇನ್ನೆಲ್ಲಿದೆ? ನಮ್ಮ ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ, ಯುರೇನಿಯಂ ಇಂಧನವನ್ನು ಹೊತ್ತ ಒತ್ತಡದ ಕೊಳವೆಗಳಲ್ಲಿ! 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ ಕೈಗಾದ ಮೊದಲ ಘಟಕದ ಹೊಟ್ಟೆಯೊಳಗಿನ ಲೋಹದ ಬಳಗವೇ ಮಂಡಿಯೊಳಗೂ.

ಅಂಟು? ಹಲ್ಲಿನ ಸೆಟ್ಟು ಮಾಡುವ ಅಕ್ರಿಲಿಕ್. ಆಪರೇಷನ್ ಕೋಣೆಯಲ್ಲೇ ಪುಡಿಗೆ ದ್ರವ ಬೆರೆಸಿ ಕಲಸುತ್ತಾರೆ, ಹತ್ತು ನಿಮಿಷದ ಆಸುಪಾಸಿನಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಸಿಮೆಂಟೇ ಬೇಡವೆನ್ನುವ ಬಗೆಯೂ ಇದೆ: ತ್ರೀಡಿ ಮುದ್ರಣದ ಟೈಟಾನಿಯಂ ತಟ್ಟೆಯ ರಂಧ್ರಗಳೊಳಗೆ ಮೂಳೆಯೇ ಬೆಳೆದು ಹಿಡಿದುಕೊಳ್ಳುತ್ತದೆ.

ಇಷ್ಟನ್ನೆಲ್ಲ ಕೂಡಿಸಿ ಇಂದಿನ ರೂಪ ಕೊಟ್ಟವರಲ್ಲಿ ಒಬ್ಬರು ಇಂದೋರಿನಲ್ಲಿ ಓದಿದ ನಮ್ಮ ಸರ್ಜನ್ ಚಿತ್ತರಂಜನ್ ರಾಣಾವತ್. 1974ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಪೀಟರ್ ವಾಕರ್ ಜೊತೆ ಅವರು ರೂಪಿಸಿದ ಮಾದರಿಯ ಮಕ್ಕಳು ಮೊಮ್ಮಕ್ಕಳೇ ಇಂದು ಮಾರುಕಟ್ಟೆಯಲ್ಲಿರುವುದು. 2000ದ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಪ್ರಧಾನಿ ವಾಜಪೇಯಿಯವರ ಎಡಮಂಡಿ, ಮರುವರ್ಷ ಬಲಮಂಡಿ ಬದಲಿಸಿದವರೂ ಅವರೇ. ಹಳ್ಳಿಹಳ್ಳಿಗೂ ಈ ಆಪರೇಷನ್ನಿನ ಹೆಸರು ಮುಟ್ಟಿದ್ದು ಆಗ ಎಂದು ನನ್ನ ಎಣಿಕೆ.

ಇನ್ನು ಬಗೆಗಳು. ಮಂಡಿಯ ನಡುವಿನ ಹಿಂದಿನ ಲಿಗಮೆಂಟನ್ನು ಉಳಿಸಿಕೊಳ್ಳುವ ಮಂಡಿ ಒಂದು. ಅದನ್ನು ತೆಗೆದು, ಅದರ ಕೆಲಸವನ್ನು ಪ್ಲಾಸ್ಟಿಕ್ಕಿನ ನಡುವಿನ ಕಂಬಕ್ಕೆ ವಹಿಸುವುದು ಇನ್ನೊಂದು. 1978ರ ಉಪಾಯ ಇದು. ಮಡಿಸಿದಾಗ ಲೋಹದ ಅಡ್ಡಪಟ್ಟಿ ಕಂಬಕ್ಕೆ ತಾಗಿ ಮೇಲಿನ ಮೂಳೆಯನ್ನು ಹಿಂದಕ್ಕೆ ಸರಿಸುತ್ತದೆ, ಮಂಡಿ ಇನ್ನಷ್ಟು ಮಡಿಯುತ್ತದೆ. ನನ್ನ ಕೈಲಿದ್ದ ಮಾದರಿಯನ್ನು ಹತ್ತಾರು ಸಲ ಮಡಿಸಿ ನೋಡಿದೆ. ಆ ಪಟ್ಟಿ ಬಂದು ಕಂಬ ಹಿಡಿಯುವ ಗಳಿಗೆ ಬೆರಳಿಗೆ ತಿಳಿಯುತ್ತದೆ! ಪ್ಲಾಸ್ಟಿಕ್ಕು ತಟ್ಟೆಯ ಮೇಲೆ ತಿರುಗಾಡುವ ಬಗೆಯೂ 1970ರ ದಶಕದಿಂದ ಇದೆ, ಆದರೆ ದಶಕಗಳ ಅನುಭವದಲ್ಲಿ ಕದಲದ ಬಗೆಗಿಂತ ಹೇಳಿಕೊಳ್ಳುವ ಲಾಭ ಕಂಡಿಲ್ಲ. ಒಂದೇ ಪಕ್ಕ ಸವೆದಿದ್ದರೆ ಅರ್ಧ ಮಂಡಿ ಹಾಕಿದರೂ ಸಾಕು.

ಬೆಲೆಯ ವಿಚಾರದಲ್ಲಿ ಬೆರಗು ಬೇರೆ ರೀತಿಯದು. 2017ರ ಆಗಸ್ಟ್‌ವರೆಗೆ ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಸರಾಸರಿ ಬೆಲೆ ಒಂದೂವರೆ ಲಕ್ಷ ದಾಟಿತ್ತು. ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಒಂದೇ ಏಟಿಗೆ 54,720 ರೂಪಾಯಿಗೆ ಇಳಿಸಿತು! ಟೈಟಾನಿಯಂ, ಜಿರ್ಕೋನಿಯಂ ಬಗೆಗೆ 76,600. ಹೆಚ್ಚು ಮಡಿಯುತ್ತದೆ ಎನ್ನುವ ಹೈ ಫ್ಲೆಕ್ಸಿಗೆ 56,490. ಹಳೆಯದನ್ನು ತೆಗೆದು ಎರಡನೇ ಸಲ ಹಾಕುವ ಮಂಡಿಗೆ 1,13,950. ಜಿಎಸ್‌ಟಿ ಬೇರೆ. ಮಂಡಿಗಳ ಜಾತಿ ತಿಳಿಯಬೇಕಾದವರಿಗೆ ಆ ಸರ್ಕಾರಿ ಪಟ್ಟಿಗಿಂತ ಚೊಕ್ಕ ಪಾಠ ಇನ್ನೊಂದಿಲ್ಲ.

ತಳಿ, ಡೆಂಕಣಿಕೋಟೆ, ಕೆಲಮಂಗಲ ಕಡೆಯಿಂದ ಬರುವ ಅಜ್ಜಿಯರ ಪ್ರಶ್ನೆ ಮಾತ್ರ ಈ ಪಟ್ಟಿಗೆ ಸೇರದ್ದು. "ಡಾಕ್ಟ್ರಪ್ಪಾ, ಕುಕ್ಕರಗಾಲಲ್ಲಿ ಕುಂತು ರಾಗಿ ಹೊಲದಾಗೆ ಕಳೆ ಕೀಳಕ್ಕಾಯ್ತದಾ?" ಹೈ ಫ್ಲೆಕ್ಸ್ ಹುಟ್ಟಿದ್ದೇ ಇಂಥ, ನೆಲದ ಮೇಲೆ ಬದುಕುವ ಏಷ್ಯಾದವರಿಗಾಗಿ. ಆದರೆ ಮಾಮೂಲಿ ಮಂಡಿಯ ಪಕ್ಕದಲ್ಲಿಟ್ಟು ಅಳೆದ ಅಧ್ಯಯನಗಳಲ್ಲಿ ಮಡಿಕೆಯ ವ್ಯತ್ಯಾಸ ಅತ್ಯಲ್ಪ. ಆಪರೇಷನ್ನಿಗೆ ಮುಂಚೆ ಎಷ್ಟು ಮಡಿಯುತ್ತಿತ್ತೋ ಅದೇ ಮುಖ್ಯ. ಚಿನ್ನದ ಮಂಡಿ ಎಂಬ ಜಾಹೀರಾತೂ ಹಾಗೆಯೇ. ಅದು ಚಿನ್ನವಲ್ಲ, ಟೈಟಾನಿಯಂ ನೈಟ್ರೈಡ್ ಬಗೆಯ ಲೇಪನದ ಬಣ್ಣ. ಅಲರ್ಜಿ ಇದ್ದವರಿಗೆ ಉಪಯೋಗವಿರಬಹುದು. ಉಳಿದವರು ಬಣ್ಣಕ್ಕೆ ದುಡ್ಡು ಕೊಡಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಲೆಕ್ಕವೊಂದರಲ್ಲಿ ಪೂರ್ತಿ ಮಂಡಿಗಳಲ್ಲಿ ನೂರಕ್ಕೆ 82, ಅರ್ಧ ಮಂಡಿಗಳಲ್ಲಿ 70, ಇಪ್ಪತ್ತೈದು ವರ್ಷ ಬಾಳಿವೆ. ಅದರಲ್ಲಿದ್ದವು ಬಹುಪಾಲು ಹಳೆಯ ಸಾದಾ ಮಾದರಿಗಳೇ!

ಗ್ಲುಕ್‌ನ ತಿರುಗಣಿ ಸತ್ತಿತೆಂದುಕೊಂಡಿದ್ದೆ, ಸತ್ತಿಲ್ಲ. ಲಿಗಮೆಂಟೆಲ್ಲ ಹೋದವರಿಗೆ, ಮೂಳೆಯ ಕ್ಯಾನ್ಸರಿನವರಿಗೆ, ಈಗ ಪಕ್ಕಕ್ಕೂ ತಿರುಗುವ ಸುಧಾರಿತ ತಿರುಗಣಿಯೇ ಗತಿ. ಚೆನ್ನೈನ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮಯಿಲ್ವಾಹನನ್ ನಟರಾಜನ್ ರೋಗಿಯೊಬ್ಬೊಬ್ಬರ ಅಳತೆಗೂ ಇಂಥವನ್ನು ದೇಶದಲ್ಲೇ ಮಾಡಿಸಿ, ಕತ್ತರಿಸಬೇಕಿದ್ದ ಕಾಲುಗಳನ್ನು ಉಳಿಸಿದರು. 2007ರಲ್ಲಿ ಪದ್ಮಶ್ರೀ ಬಂತು. ಇಂಥ ಕ್ಯಾನ್ಸರ್ ಹೆಚ್ಚಾಗಿ ಬರುವುದು ಮಕ್ಕಳಿಗೆ, ಹದಿಹರೆಯದವರಿಗೆ. ಮಗು ಬೆಳೆಯುತ್ತದೆ, ಲೋಹ ಬೆಳೆಯುವುದಿಲ್ಲ. ಅದಕ್ಕೆ ಲಂಡನ್ನಿನ ಸ್ಟಾನ್‌ಮೋರ್‌ನವರು ಬೆಳೆಯುವ ಮಂಡಿಯನ್ನೇ ಮಾಡಿದರು! ಒಳಗೆ ಒಂದು ಅಯಸ್ಕಾಂತ, ಅದಕ್ಕೆ ಗಿಯರ್‌ಬಾಕ್ಸು. ಮಗುವಿನ ಕಾಲನ್ನು ಹೊರಗಿನ ಸುರುಳಿಯೊಳಗೆ ಇಟ್ಟು ಕರೆಂಟು ಹಾಯಿಸಿದರೆ ಅಯಸ್ಕಾಂತ ತಿರುಗುತ್ತದೆ. ಅದು 13,061 ಸುತ್ತು ಸುತ್ತಿದರೆ ಕೊನೆಯ ಗಿಯರು ಒಂದು ಸುತ್ತು. ಚಾಕು ಇಲ್ಲ, ಅರಿವಳಿಕೆ ಇಲ್ಲ, ನಾಲ್ಕು ನಿಮಿಷಕ್ಕೆ ಒಂದು ಮಿಲಿಮೀಟರ್ ಕಾಲು ಉದ್ದವಾಗುತ್ತದೆ, ಮಗು ಪಕ್ಕದಲ್ಲಿ ಕುಳಿತ ಅಮ್ಮನ ಜೊತೆ ಮಾತಾಡುತ್ತಿರುವಾಗಲೇ!